ಎರೆಹೊಲದಲ್ಲಿ ಇಂಗಾಲ ಅಳೆಯುವಾಗ: ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಕಾರ್ಬನ್ ಕ್ರೆಡಿಟ್ ಲೆಕ್ಕಕ್ಕೆ ಮಣ್ಣು ತೆಗೆದು ಪರಿಶೀಲಿಸುವುದು ನನ್ನ ಕೆಲಸ. ಗಾಳಿಯ ಇಂಗಾಲವನ್ನು ಮಣ್ಣಲ್ಲಿ ಹಿಡಿದಿಟ್ಟದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರವೇ ಕಾರ್ಬನ್ ಕ್ರೆಡಿಟ್. ಬಿಳಿಜೋಳ, ಕಡಲೆ ಬೆಳೆಯುವ ಒಣಬೇಸಾಯದ ಸೀಮೆ ಇದು. ಉಳುಮೆ ಕಡಿಮೆ ಮಾಡಿ, ಬೆಳೆಯ ಕಸ ಹೊಲದಲ್ಲೇ ಬಿಟ್ಟರೆ ಮಣ್ಣಲ್ಲಿ ಇಂಗಾಲ ಕೂಡಬಹುದು. ಎಷ್ಟು ಕೂಡಿತು ಅನ್ನುವುದೇ ಕಷ್ಟದ ಪ್ರಶ್ನೆ.

ಒಂದು ಹೆಕ್ಟೇರ್ ಹೊಲ, 30 ಸೆಂ.ಮೀ. ಆಳ. ಒಂದು ಘನ ಸೆಂ.ಮೀ. ಮಣ್ಣು 1.3 ಗ್ರಾಂ ತೂಗಿದರೆ ಒಟ್ಟು ಮಣ್ಣು 3,900 ಟನ್. ಅದರಲ್ಲಿ ಇಂಗಾಲ ಮಣ್ಣಿನ ತೂಕದ ಶೇ. 0.1ರಷ್ಟು ಹೆಚ್ಚಿದರೆ 3.9 ಟನ್. ಒಂದು ಟನ್ ಇಂಗಾಲ 3.67 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ, ಹಾಗಾಗಿ 3.67ರಿಂದ ಗುಣಿಸಿದರೆ ಆ ಲೆಕ್ಕದಲ್ಲಿ ಸುಮಾರು 14 ಟನ್. ಟನ್ನಿಗೊಂದು ಕ್ರೆಡಿಟ್. ಲ್ಯಾಬಿನಲ್ಲಿ ಅಷ್ಟೇ ಅಷ್ಟು ಹೆಚ್ಚುಕಮ್ಮಿಯಾದರೂ ಇಲ್ಲದ ಕ್ರೆಡಿಟ್ ಹುಟ್ಟುತ್ತದೆ, ಇಲ್ಲವೇ ರೈತರಿಗೆ ಬರಬೇಕಾದ್ದು ಬರುವುದಿಲ್ಲ.

ನಮ್ಮ ಎರೆಮಣ್ಣಿನಲ್ಲಿ ಮೊದಲ ತೊಡಕು ಸುಣ್ಣ. ಮಣ್ಣಿನ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೋಡುತ್ತೇನೆ. ಬುಸ್ಸನೆ ನೊರೆ ಎದ್ದರೆ ಸುಣ್ಣ ಇದೆ ಅಂತ ಅರ್ಥ. ಸುಣ್ಣದಲ್ಲೂ ಇಂಗಾಲ ಇದೆ, ಆದರೆ ಅದು ಕಸ, ಬೇರು ಕೊಳೆತು ಬಂದದ್ದಲ್ಲ. ಮಣ್ಣನ್ನು ಸುಟ್ಟು ಅಳೆಯುವ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡನ್ನೂ ಕೂಡಿಸಿಬಿಡುತ್ತದೆ. ಅದಕ್ಕೇ ಮೊದಲು ಆಮ್ಲದಿಂದ ಸುಣ್ಣ ತೆಗೆಯಿರಿ, ಇಲ್ಲವೇ ಅದನ್ನು ಬೇರೆ ಅಳೆದು ಕಳೆಯಿರಿ ಅಂತ ಲ್ಯಾಬಿಗೆ ಬರೆದು ಕೊಡುತ್ತೇನೆ. ಸುಡದೆ ರಾಸಾಯನಿಕದಿಂದ ಅಳೆಯುವ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಸುಣ್ಣದ ಕಾಟವಿಲ್ಲ, ಆದರೆ ಜೈವಿಕ ಇಂಗಾಲ (ಕಸ, ಬೇರು ಕೊಳೆತು ಬಂದದ್ದು) ಪೂರ್ತಿ ಸಿಗುವುದಿಲ್ಲ. ಮೊದಲ ಸಲ ಈ ವಿಧಾನ, ಮುಂದಿನ ಸಲ ಸುಡುವ ವಿಧಾನ ಬಳಸಿದರೆ ಹೊಲದಲ್ಲಿ ಏನೂ ಆಗದೆಯೂ ಕಾಗದದಲ್ಲಿ ಇಂಗಾಲ ಏರುತ್ತದೆ. ಹಾಗಾಗಿ ಎರಡೂ ಸಲದ ಲ್ಯಾಬ್ ವರದಿಯಲ್ಲಿ ನಾನು ಮೊದಲು ಹುಡುಕುವುದು ವಿಧಾನದ ಹೆಸರು.

ಎರಡನೆಯದು ಮಣ್ಣಿನ ತೂಕ. ಎರೆಮಣ್ಣು ಹಸಿಯಾದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿ ಬಿತ್ತನೆ ಹೊತ್ತಿಗೆ ಒಂದು ಸಲ, ಬಿರುಬೇಸಿಗೆಯಲ್ಲಿ ಇನ್ನೊಂದು ಸಲ ತೆಗೆದರೆ, 30 ಸೆಂ.ಮೀ. ಆಳದಲ್ಲಿ ಸಿಗುವ ಮಣ್ಣೇ ಬೇರೆಬೇರೆ. ನಾನು ಅದೇ ಹಂಗಾಮಿನಲ್ಲಿ, ಹೆಚ್ಚುಕಡಿಮೆ ಅದೇ ಹಸಿಯಿದ್ದಾಗಲೇ ಹೋಗುತ್ತೇನೆ. ಗೊತ್ತಾದ ಅಳತೆಯ ಉಕ್ಕಿನ ಬಳೆಯನ್ನು ನೆಲಕ್ಕೆ ಹೊಡೆದು ತೆಗೆದ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗುತ್ತೇವೆ. ಬರೀ ಆಳ ಹಿಡಿದು ಹೋಲಿಸುವುದಿಲ್ಲ, ಸಮ ತೂಕದ ಮಣ್ಣಿಗೆ ಸಮ ತೂಕದ್ದನ್ನು ಹೋಲಿಸುತ್ತೇವೆ.

ಜಾಗ ಆರಿಸುವಾಗ ರೈತರು ಪ್ರೀತಿಯಿಂದಲೇ ಹೇಳುತ್ತಾರೆ: “ಇಲ್ಲಿ ತಗೋರಿ ಸರ, ಇಲ್ಲಿ ಮಣ್ಣು ಚಲೋ ಐತಿ.” ಅದು ತಿಪ್ಪೆಯ ಪಕ್ಕವೋ, ಬದುವಿನ ಬೇವಿನ ಬುಡವೋ ಆಗಿರುತ್ತದೆ. “ಇಲ್ರೀ ಯಜಮಾನ್ರ, ಚೀಟಿ ಎತ್ತಿದಂಗ ಜಿಪಿಎಸ್ ಯಾವ ಜಾಗ ತೋರಸ್ತದೋ ಅಲ್ಲೇ ತಗೀಬೇಕು” ಅಂತೇನೆ.

ಇನ್ನೊಂದು ಮಾತು ಕೇಳದೆ ಬರುವುದಿಲ್ಲ. ಗೊಬ್ಬರ ಎಲ್ಲಿಂದ ಬಂತು? ಪಕ್ಕದ ಹೊಲಕ್ಕೆ ಹೋಗಬೇಕಾದ ತಿಪ್ಪೆಗೊಬ್ಬರ ಇಲ್ಲಿಗೆ ಬಂದರೆ ಇಂಗಾಲ ಜಾಗ ಬದಲಿಸಿತು ಅಷ್ಟೇ, ಅಲ್ವಾ? ಜೋಳದ ಕಣಿಕೆ ಹೊಲದಲ್ಲೇ ಬಿಟ್ಟರೆ ಎತ್ತಿಗೆ ಮೇವು ಎಲ್ಲಿಂದ? ಅದನ್ನೂ ಬರೆದುಕೊಳ್ಳುತ್ತೇನೆ. ಕೊನೆಗೆ ಆಳ, ತಿಂಗಳು, ಅಳೆದ ವಿಧಾನ ಮೂರನ್ನೂ ಕನ್ನಡದಲ್ಲಿ ಬರೆದ ಹಾಳೆಯನ್ನು ರೈತರ ಕೈಗೆ ಕೊಡುತ್ತೇನೆ. ಮುಂದಿನ ಸಲ ಯಾರೇ ಅಳೆಯಲು ಬಂದರೂ ರೈತರು ಅದನ್ನು ಮುಂದಿಟ್ಟು ಕೇಳಬಹುದು.