ಎರಡು ವರ್ಷದ ಗ್ರೀನ್ ಕಾರ್ಡ್ ಮುಗಿಯುತ್ತಿದೆ, ಊರಿಗೆ ಹೋಗಬೇಕು: ಏನು ಮಾಡುವುದು?

ತಂಗಿಯ ಮದುವೆ ಡಿಸೆಂಬರ್‌ನಲ್ಲಿ. ಗ್ರೀನ್ ಕಾರ್ಡ್ ಮುಗಿಯುವುದು ನವೆಂಬರ್‌ನಲ್ಲಿ. "ಹೋದರೆ ವಾಪಸ್ ಬರೋಕೆ ಬಿಡ್ತಾರಾ?" ಅಂತ ಕೇಳುವ ಫೋನ್ ನನಗೆ ಆಗಾಗ ಬರುತ್ತದೆ. ಮದುವೆಯಾಗಿ ಅಮೆರಿಕಕ್ಕೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳೇ ಜಾಸ್ತಿ, ಹುಡುಗರೂ ಇದ್ದಾರೆ. ದನಿಯಲ್ಲೇ ಹೆದರಿಕೆ ಗೊತ್ತಾಗುತ್ತದೆ.

ಖಂಡಿತ ಹೋಗಬಹುದು. ಆದರೆ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಮೊದಲು ಅರ್ಜಿ, ಆಮೇಲೆ ಕೈಗೆ ಲೆಟರ್, ಕೊನೆಗೆ ಟಿಕೆಟ್. ನಮ್ಮಲ್ಲಿ ಬಹಳ ಮಂದಿ ಕಡಿಮೆ ದರ ಸಿಕ್ಕಿತು ಅಂತ ಮೊದಲು ಟಿಕೆಟ್ ತೆಗೆಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಕಾರ್ಡ್ ಕೈಗೆ ತೆಗೆದುಕೊಂಡು ಓದಿ

ನಿಜವಾಗಲೂ ಒಮ್ಮೆ ಪರ್ಸಿನಿಂದ ತೆಗೆದು ನೋಡಿ. ಕೆಟಗರಿ ಅನ್ನುವ ಕಡೆ ಸಿಆರ್1 ಅಥವಾ ಸಿಆರ್6 ಅಂತ ಇದೆಯೇ? ಹಾಗಿದ್ದರೆ ನಿಮ್ಮದು ಷರತ್ತಿನ ಕಾರ್ಡ್. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಗ್ರೀನ್ ಕಾರ್ಡ್ ಸಿಕ್ಕಿದ ದಿನಕ್ಕೆ ಮದುವೆಗೆ ಇನ್ನೂ ಎರಡು ವರ್ಷ ತುಂಬಿರದಿದ್ದರೆ ಈ ಕಾರ್ಡ್ ಕೊಡುತ್ತಾರೆ. ಭಾರತದಲ್ಲೇ ವೀಸಾ ಪಡೆದು ಬಂದವರಿಗೆ ಸಿಆರ್1, ಅಮೆರಿಕದಲ್ಲಿ ಇದ್ದುಕೊಂಡೇ ಸ್ಟೇಟಸ್ (ಅಲ್ಲಿ ಇರಲು ಕಾನೂನು ಕೊಡುವ ಸ್ಥಾನ) ಬದಲಿಸಿಕೊಂಡವರಿಗೆ ಸಿಆರ್6. ಸುಳ್ಳು ಮದುವೆಗಳನ್ನು ತಡೆಯಲು 1986ರಲ್ಲಿ ತಂದ ಕಾನೂನಿನಿಂದ ಬಂದ ವ್ಯವಸ್ಥೆ ಇದು.

ಇನ್ನೊಂದು, ತಾರೀಖು. ಕಾರ್ಡಿನಲ್ಲಿ ಅಮೆರಿಕದ ಲೆಕ್ಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ ಬರೆದಿರುತ್ತಾರೆ. 11/08/26 ಅಂತ ಇದ್ದರೆ ಅದು 2026ರ ನವೆಂಬರ್ 8. ನಾವು ಊರಲ್ಲಿ ಓದಿ ಅಭ್ಯಾಸವಾದ ಆಗಸ್ಟ್ 11 ಅಲ್ಲ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಮುಂದಿನ ಲೆಕ್ಕವೆಲ್ಲ ಈ ಒಂದು ತಾರೀಖಿನ ಮೇಲೆ ನಿಂತಿದೆ.

90 ದಿನದ ಲೆಕ್ಕ

ಈ ಕಾರ್ಡನ್ನು ರಿನ್ಯೂ ಮಾಡಿಸಲು ಆಗುವುದಿಲ್ಲ. ಷರತ್ತು ತೆಗೆಯಿರಿ ಅಂತ ಐ-751 ಎಂಬ ಅರ್ಜಿ ಹಾಕಬೇಕು. ಗಂಡ ಹೆಂಡತಿ ಸೇರಿ ಹಾಕುವುದಾದರೆ ಕಾರ್ಡ್ ಮುಗಿಯುವ ಹಿಂದಿನ 90 ದಿನದ ಒಳಗೇ ಹಾಕಬೇಕು. ಮೇಲೆ ಹೇಳಿದ ನವೆಂಬರ್ 8ರ ಕಾರ್ಡಿಗೆ ಈ ಅವಧಿ ಶುರುವಾಗುವುದು ಆಗಸ್ಟ್ 10ಕ್ಕೆ. ತಾರೀಖನ್ನು ತಪ್ಪಾಗಿ ಓದಿಕೊಂಡು ಮೇ ತಿಂಗಳಲ್ಲೇ ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ. ಕಾರ್ಡಿನ ದಿನ ದಾಟುವ ತನಕ ಅರ್ಜಿ ಹಾಕದೆ ಕೂತರೆ ಸ್ಟೇಟಸ್ ತಾನಾಗಿಯೇ ಹೋಗುತ್ತದೆ. ತಡವಾಗಿದ್ದಕ್ಕೆ ಬಲವಾದ ಕಾರಣ ಇದ್ದರೆ ಬರೆದು ಕೇಳಿಕೊಳ್ಳಬಹುದು, ಆದರೆ ಅಷ್ಟು ದೂರಕ್ಕೆ ಬಿಡಬೇಡಿ.

ಅವಧಿ ಶುರುವಾದ ವಾರದಲ್ಲೇ ಅರ್ಜಿ ಅಂಚೆಗೆ ಹೋಗಿರಲಿ. ಎರಡು ತಿಂಗಳು ಮೊದಲೇ ಕಾಗದ ಸೇರಿಸಲು ಶುರು ಮಾಡಿ. ಇಬ್ಬರ ಹೆಸರಿನ ಬಾಡಿಗೆ ಕರಾರು ಅಥವಾ ಮನೆ ಸಾಲ, ಜಂಟಿ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಒಟ್ಟಿಗೆ ಸಲ್ಲಿಸಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್, ಮಗು ಇದ್ದರೆ ಅದರ ಜನನ ಪ್ರಮಾಣಪತ್ರ. ಮದುವೆ ಆಲ್ಬಮ್ಮಿನ ಐವತ್ತು ಫೋಟೋಗಳಿಗಿಂತ ಎರಡು ವರ್ಷದ ಉದ್ದಕ್ಕೂ ಹರಡಿರುವ ಇಂಥ ಸಾಧಾರಣ ಕಾಗದಗಳಿಗೆ ತೂಕ ಜಾಸ್ತಿ. ಶುಲ್ಕ 2024ರ ಏಪ್ರಿಲ್‌ನಿಂದ 750 ಡಾಲರ್ ಆಗಿದೆ. ಕಳಿಸುವ ದಿನ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಹಣ ತಪ್ಪಾದರೂ ಅರ್ಜಿ ವಾಪಸ್ ಬರುತ್ತದೆ, ಹೋದ ದಿನಗಳು ಹೋದವೇ.

ಜಂಟಿ ಅರ್ಜಿಗೆ ಇಬ್ಬರ ಸಹಿಯೂ ಬೇಕು. ಗಂಡ ಆಫೀಸ್ ಕೆಲಸಕ್ಕೆ ಬೇರೆ ಊರಲ್ಲಿದ್ದಾರೆ, ನೀವು ನಾಳೆ ಹೊರಡಬೇಕು, ಆಗ ಸಹಿಗಾಗಿ ಪರದಾಡುವುದು ಬೇಡ. ವಿಚ್ಛೇದನ ಆಗಿದ್ದರೆ, ಅಥವಾ ಮನೆಯಲ್ಲಿ ಹಿಂಸೆ ಇದ್ದರೆ ಒಬ್ಬರೇ ಅರ್ಜಿ ಹಾಕಬಹುದು, ಆಗ 90 ದಿನದ ಕಟ್ಟಳೆಯೂ ಇಲ್ಲ. ಹೊಡೆತ ಸಹಿಸಿಕೊಂಡು ಗಂಡನ ಸಹಿಗಾಗಿ ಕಾಯುವ ಅಗತ್ಯ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅಂಥವರು ಪ್ರಯಾಣಕ್ಕೆ ಮುಂಚೆ ಒಬ್ಬ ಇಮಿಗ್ರೇಷನ್ ವಕೀಲರನ್ನು ನೋಡಲೇಬೇಕು.

ಆ ಒಂದು ಕಾಗದ

ಅರ್ಜಿ ಸ್ವೀಕರಿಸಿದ ಮೇಲೆ ಅಂಚೆಯಲ್ಲಿ ಐ-797 ಎಂಬ ನೋಟಿಸ್ ಬರುತ್ತದೆ, ಮೊದಲು ಹೇಳಿದ ಲೆಟರ್ ಇದೇ. ನೋಡಲು ಸಾದಾ ಕಾಗದ, ಆದರೆ ನಿಮ್ಮ ಪ್ರಯಾಣವೆಲ್ಲ ಅದರ ಮೇಲೆ. ಕಾರ್ಡ್ ಮುಗಿಯುವ ತಾರೀಖಿನಿಂದ ಮುಂದಕ್ಕೆ 48 ತಿಂಗಳು ನಿಮ್ಮ ಸ್ಟೇಟಸ್ ವಿಸ್ತರಿಸಿದೆ, ನೀವು ಕೆಲಸ ಮಾಡಬಹುದು, ಪ್ರಯಾಣ ಮಾಡಬಹುದು ಅಂತ ಅದರಲ್ಲಿ ಇರುತ್ತದೆ. ಮೊದಲು 18 ತಿಂಗಳು ಕೊಡುತ್ತಿದ್ದರು, 2021ರಲ್ಲಿ 24 ಮಾಡಿದರು, ಅರ್ಜಿಗಳು ರಾಶಿ ಬಿದ್ದ ಮೇಲೆ 2023ರ ಜನವರಿಯಿಂದ 48 ಮಾಡಿದರು. ನಮ್ಮ ಉದಾಹರಣೆಯ ಕಾರ್ಡಿಗಾದರೆ 2030ರ ನವೆಂಬರ್ 8ರವರೆಗೆ.

ಲೆಟರ್ ಒಂದೇ ಇದ್ದರೆ ಸಾಲದು. ಮುಗಿದುಹೋದ ಕಾರ್ಡೂ ಜೊತೆಗೆ ಇರಬೇಕು. ಕಾರ್ಡ್ ಹಳೆಯದಾಯಿತು ಅಂತ ಎಲ್ಲೋ ಇಟ್ಟುಬಿಡಬೇಡಿ. ಲೆಟರಿನ ಮೂಲಪ್ರತಿಯನ್ನೇ ಒಯ್ಯಿರಿ. ಒಂದು ಜೆರಾಕ್ಸ್ ಅಮೆರಿಕದ ಮನೆಯಲ್ಲಿ, ಒಂದು ಫೋಟೋ ಫೋನಿನಲ್ಲಿ ಇರಲಿ. ಮೂಲಪ್ರತಿ ಚೆಕ್-ಇನ್ ಸೂಟ್‌ಕೇಸಿಗೆ ಹೋಗದಿರಲಿ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿರಲಿ. ಹೆಸರು, ಹುಟ್ಟಿದ ದಿನ, ಎ ನಂಬರ್ (ವಲಸೆ ಇಲಾಖೆ ನಿಮಗೆ ಕೊಟ್ಟ ಗುರುತಿನ ಸಂಖ್ಯೆ) ಈ ಮೂರೂ ಕಾರ್ಡಿನಲ್ಲಿ ಇದ್ದಂತೆಯೇ ಇವೆಯಾ ಅಂತ ಬಂದ ದಿನವೇ ನೋಡಿ. ಕಾರ್ಡಿನಲ್ಲಿ ಅಪ್ಪನ ಹೆಸರು, ಲೆಟರಿನಲ್ಲಿ ಗಂಡನ ಹೆಸರು ಅಂತ ಬಂದರೆ ವಿಮಾನದ ಕೌಂಟರಿನಲ್ಲಿ ವಿವರಿಸಿ ಸಾಕಾಗುತ್ತದೆ.

ಯುಎಸ್‌ಸಿಐಎಸ್ ಆನ್‌ಲೈನ್ ಖಾತೆಗೆ ರಿಸೀಟ್ ನಂಬರ್ ಸೇರಿಸಿಕೊಳ್ಳಿ. ಅಮೆರಿಕದ ಅಂಚೆಯವರ ಇನ್‌ಫಾರ್ಮ್ಡ್ ಡೆಲಿವರಿ ಸೇವೆಗೂ ಹೆಸರು ಕೊಡಿ. ಪುಕ್ಕಟೆ. ಅವತ್ತು ಬರಲಿರುವ ಕಾಗದಗಳ ಲಕೋಟೆಯ ಚಿತ್ರ ಬೆಳಗ್ಗೆಯೇ ಇಮೇಲಿಗೆ ಬರುತ್ತದೆ, ನೀವು ಹಾಸನದಲ್ಲಿದ್ದರೂ ನ್ಯೂಜೆರ್ಸಿಯ ಡಬ್ಬಿಗೆ ಏನು ಬಿತ್ತು ಅಂತ ಗೊತ್ತಾಗುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ತಿಳಿಸಬೇಕು, ಇದು ಕಾನೂನು.

ಲೆಟರ್ ಬಂದಿಲ್ಲ, ಆದರೆ ಹೊರಡಲೇಬೇಕು

ಅಪ್ಪನಿಗೆ ಹಾರ್ಟ್ ಅಟ್ಯಾಕ್, ಐಸಿಯುನಲ್ಲಿದ್ದಾರೆ. ಇಂಥ ಫೋನ್ ಬಂದಾಗ 48 ತಿಂಗಳು, 90 ದಿನ ಯಾವುದೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಇದನ್ನು ಈಗಲೇ ಓದಿಟ್ಟುಕೊಳ್ಳಿ.

ಕಾರ್ಡಿಗೆ ಇನ್ನೂ ಸಮಯ ಇದೆ, ಮುಗಿಯುವುದರೊಳಗೆ ವಾಪಸ್ ಬರುತ್ತೀರಿ ಅಂದರೆ ಸುಮ್ನೆ ಹೊರಡಿ. ಕಾರ್ಡ್ ಮುಗಿಯುವ ದಿನದವರೆಗೂ ಅದು ಪೂರ್ತಿ ಕಾರ್ಡೇ. ಅರ್ಜಿ ಹಾಕಿದ್ದೀರಿ, ಲೆಟರ್ ಬಂದಿಲ್ಲ, ಕಾರ್ಡ್ ಮುಗಿದಿದೆ ಅಥವಾ ನೀವು ಅಲ್ಲಿದ್ದಾಗ ಮುಗಿಯುತ್ತದೆ ಅಂದರೆ ಯುಎಸ್‌ಸಿಐಎಸ್ ಸಂಪರ್ಕ ಕೇಂದ್ರಕ್ಕೆ ಫೋನ್ ಮಾಡಿ, ತುರ್ತು ಪ್ರಯಾಣ ಅಂತ ಹೇಳಿ, ಆಸ್ಪತ್ರೆಯ ಪತ್ರ ಇದ್ದರೆ ಇಟ್ಟುಕೊಂಡು, ಸ್ಥಳೀಯ ಕಚೇರಿಯಲ್ಲಿ ಪಾಸ್‌ಪೋರ್ಟಿಗೆ ಐ-551 ಸ್ಟಾಂಪ್ ಹಾಕಿಸಿಕೊಳ್ಳಲು ಅಪಾಯಿಂಟ್‌ಮೆಂಟ್ ಕೇಳಿ. ಆ ಸ್ಟಾಂಪ್ ತಾತ್ಕಾಲಿಕ ಗ್ರೀನ್ ಕಾರ್ಡ್ ಇದ್ದ ಹಾಗೆ. ಫೋನಿನಲ್ಲಿ ಮೊದಲು ಮೆಷೀನ್ ಮಾತಾಡುತ್ತದೆ, ಮನುಷ್ಯರು ಸಿಗುವ ತನಕ ಬಿಡಬೇಡಿ.

90 ದಿನದ ಅವಧಿ ಶುರುವಾಗುವಾಗಲೇ ನೀವು ಊರಲ್ಲಿದ್ದರೆ? ಆಗಲೂ ಅರ್ಜಿ ಹಾಕಬಹುದು. ಅಮೆರಿಕದಲ್ಲಿರುವ ಗಂಡ ಅಥವಾ ಹೆಂಡತಿ ಕಾಗದ ಸೇರಿಸಿ ಕಳಿಸಬಹುದು, ಲೆಟರ್ ಬಂದ ಮೇಲೆ ಮೂಲಪ್ರತಿಯನ್ನು ಒಳ್ಳೆಯ ಕೊರಿಯರ್‌ನಲ್ಲಿ ನಿಮಗೆ ಕಳಿಸಬೇಕು. ಬೆರಳಚ್ಚಿಗೆ ಅಥವಾ ಸಂದರ್ಶನಕ್ಕೆ ಕರೆದರೆ ಮಾತ್ರ ನೀವು ವಾಪಸ್ ಬರಲೇಬೇಕು. ಬೆರಳಚ್ಚಿನ ದಿನಕ್ಕೆ ಬರಲು ಆಗದಿದ್ದರೆ ಆ ದಿನಕ್ಕೆ ಮುಂಚೆಯೇ ಬೇರೆ ದಿನ ಕೇಳಿ. ಏನೂ ಹೇಳದೆ ತಪ್ಪಿಸಿಕೊಂಡರೆ ಅರ್ಜಿಯನ್ನೇ ಕೈಬಿಟ್ಟಿರಿ ಅಂತ ತಿರಸ್ಕರಿಸಬಹುದು.

ಎಷ್ಟು ದಿನ ಇರಬಹುದು?

ಬಾಣಂತನದ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲೇ. ಏಳನೇ ತಿಂಗಳಿಗೆ ಸೀಮಂತಕ್ಕೆ ಅಂತ ತವರಿಗೆ ಹೋಗುವುದು, ಹೆರಿಗೆ, ಮೂರು ಅಥವಾ ಐದು ತಿಂಗಳ ಬಾಣಂತನ. ಕೂಡಿಸಿ ನೋಡಿ, ಆರು ತಿಂಗಳು ಸುಲಭವಾಗಿ ದಾಟುತ್ತದೆ. ಒಂದೇ ಸಲಕ್ಕೆ 180 ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ವಾಪಸ್ ಬರುವಾಗ ಅಧಿಕಾರಿ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರ ಹಾಗೆ ಪರಿಶೀಲಿಸಬಹುದು. ಮುಂದೆ ಸಿಟಿಜನ್‌ಶಿಪ್ ಲೆಕ್ಕಕ್ಕೂ ಅದು ತೊಡಕು. ಅಮೆರಿಕದ ಪ್ರಜೆಯ ಜೊತೆ ಬದುಕುತ್ತಿರುವವರು ಮೂರು ವರ್ಷಕ್ಕೆ ಸಿಟಿಜನ್‌ಶಿಪ್ ಕೇಳಬಹುದು. ಆರು ತಿಂಗಳು ದಾಟಿದ ಪ್ರಯಾಣ ಆ ಮೂರು ವರ್ಷದ ನಿರಂತರ ವಾಸವನ್ನೇ ಪ್ರಶ್ನೆ ಮಾಡುವ ಹಾಗೆ ಮಾಡುತ್ತದೆ.

ಒಂದು ವರ್ಷ ದಾಟಿದರೆ ಇನ್ನೂ ಕಷ್ಟ, ಆಗ ಗ್ರೀನ್ ಕಾರ್ಡ್ ಒಂದನ್ನೇ ತೋರಿಸಿ ಬರಲು ಆಗುವುದಿಲ್ಲ. ಅಷ್ಟು ದಿನ ಇರಬೇಕಾದೀತು ಅಂತ ಅನುಮಾನ ಇದ್ದರೂ ಸಾಕು, ಅಮೆರಿಕದಲ್ಲಿರುವಾಗಲೇ ವಾಪಸ್ ಬರಲು ಅನುಮತಿ ಕೊಡುವ ರೀಎಂಟ್ರಿ ಪರ್ಮಿಟ್‌ಗೆ ಐ-131 ಅರ್ಜಿ ಹಾಕಿ ಹೊರಡಿ. ಊರಿಗೆ ಹೋದ ಮೇಲೆ ಅದನ್ನು ಹಾಕಲು ಬರುವುದಿಲ್ಲ.

ವಾಪಸ್ ಬರುವ ದಾರಿ

ಭಾರತದ ಪಾಸ್‌ಪೋರ್ಟ್ ಇರುವವರು ಟಿಕೆಟ್ ತೆಗೆಯುವ ಮುಂಚೆ ಮಧ್ಯದ ನಿಲ್ದಾಣ ಯಾವುದು ಅಂತ ನೋಡಬೇಕು. ಯುರೋಪ್ ದಾರಿಯಲ್ಲಿ ಬರುವವರಿಗೆ ಗ್ರೀನ್ ಕಾರ್ಡ್ ಇದ್ದರೆ ಟ್ರಾನ್ಸಿಟ್ ವೀಸಾ ಬೇಡ ಅಂತ ಹಲವು ದೇಶಗಳು ವಿನಾಯಿತಿ ಕೊಡುತ್ತವೆ, ಆದರೆ ಅದು ಚಾಲ್ತಿಯಲ್ಲಿರುವ ಕಾರ್ಡಿಗೆ. ಮುಗಿದ ಕಾರ್ಡ್ ಮತ್ತು ಲೆಟರ್ ಜೋಡಿಗೆ ಒಂದೊಂದು ದೇಶದ್ದು ಒಂದೊಂದು ನಿಯಮ. ಆ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ. ನಾನಾಗಿದ್ದರೆ ಆ ರಗಳೆಗೇ ಹೋಗುವುದಿಲ್ಲ. ಭಾರತದಿಂದ ನೇರ ವಿಮಾನ, ಇಲ್ಲದಿದ್ದರೆ ದೋಹಾ, ದುಬೈ, ಅಬುಧಾಬಿ. ನಿಲ್ದಾಣದೊಳಗೇ ವಿಮಾನ ಬದಲಿಸುವುದಾದರೆ ಅಲ್ಲಿ ನಮಗೆ ವೀಸಾ ಬೇಡ. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್ ತಪಾಸಣೆಯೇ ಮುಗಿದುಬಿಡುತ್ತದೆ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ.

ನನ್ನ ಅನುಭವ ಹೇಳುತ್ತೇನೆ. ಬೆಂಗಳೂರು ವಿಮಾನ ನಿಲ್ದಾಣ, ರಾತ್ರಿ ಒಂದು ಗಂಟೆ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಗಳಿದ್ದ ಸೂಟ್‌ಕೇಸ್ ತೂಕದ ಬೆಲ್ಟಿನ ಮೇಲೆ. ಕೌಂಟರಿನ ಹುಡುಗ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, "ಮೇಡಂ, ಇದು ಎಕ್ಸ್‌ಪೈರ್ ಆಗಿದೆಯಲ್ಲ" ಅಂದ. ನಾನು ಲೆಟರ್ ತೆಗೆದು ಕೊಟ್ಟೆ. 48 ತಿಂಗಳು ಅನ್ನುವ ಸಾಲಿನ ಪಕ್ಕ ಒಂದು ಹಳದಿ ಚೀಟಿ ಅಂಟಿಸಿಟ್ಟಿದ್ದೆ. ಅವನು ಓದಿದ, ಪಕ್ಕದವರನ್ನು ಕೇಳಿದ, ಕೊನೆಗೆ ಸೂಪರ್‌ವೈಸರ್ ಬಂದರು. "ನಿಮ್ಮ ಟಿಮ್ಯಾಟಿಕ್‌ನಲ್ಲಿ ಒಮ್ಮೆ ನೋಡಿ ಸರ್, ಕಾರ್ಡ್ ಜೊತೆ ಈ ಲೆಟರ್ ಇದ್ದರೆ ನಡೆಯುತ್ತೆ" ಅಂದೆ. ವಿಮಾನ ಕಂಪನಿಗಳು ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ನೋಡುವುದು ಆ ವ್ಯವಸ್ಥೆಯಲ್ಲೇ. ಅವರು ಟೈಪ್ ಮಾಡಿ ನೋಡಿ ತಲೆಯಾಡಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು, ಬೋರ್ಡಿಂಗ್ ಪಾಸ್ ಬಂತು. ಅವರನ್ನು ದೂರುವುದಿಲ್ಲ. ಸರಿಯಾದ ಕಾಗದ ಇಲ್ಲದವರನ್ನು ಕರೆತಂದರೆ ಅಮೆರಿಕ ಕಂಪನಿಗೆ ದಂಡ ಹಾಕುತ್ತದೆ. ನೀವು ಮಾತ್ರ ಒಂದು ಗಂಟೆ ಮುಂಚೆಯೇ ಹೋಗಿ, ದನಿ ಏರಿಸಬೇಡಿ, ಸೂಪರ್‌ವೈಸರ್ ಬರುವ ತನಕ ಕೌಂಟರ್ ಬಿಡಬೇಡಿ.

ಅಮೆರಿಕದಲ್ಲಿ ಇಳಿದಾಗ ಒಳಗಿನ ಕೋಣೆಗೆ ಕಳಿಸಬಹುದು. ಅಲ್ಲಿ ನಿಮ್ಮ ಹೆಸರು ಕರೆಯುವ ತನಕ ಕಾಯಬೇಕು, ಅಷ್ಟೆ. ಎಷ್ಟು ದಿನ ಹೊರಗಿದ್ದಿರಿ, ಯಾಕೆ ಹೋಗಿದ್ದಿರಿ, ಗಂಡ ಎಲ್ಲಿದ್ದಾರೆ ಅಂತ ಕೇಳುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ. ಐ-407 ಎಂಬ ಕಾಗದ ಕೊಟ್ಟು ಸಹಿ ಮಾಡಿ ಅಂದರೆ ಮಾತ್ರ ಎಚ್ಚರ. ಗ್ರೀನ್ ಕಾರ್ಡನ್ನು ನಾನಾಗಿಯೇ ಬಿಟ್ಟುಕೊಡುತ್ತೇನೆ ಅನ್ನುವ ಕಾಗದ ಅದು. ಸಹಿ ಮಾಡಲೇಬೇಕು ಅಂತ ಏನಿಲ್ಲ, ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಹಿಂದೆ ಯಾವಾಗಲಾದರೂ ಪೊಲೀಸ್ ಕೇಸ್, ಅರೆಸ್ಟ್ ಆಗಿದ್ದರೆ, ಸಣ್ಣದಾದರೂ ಸರಿ, ದೇಶ ಬಿಡುವ ಮುಂಚೆಯೇ ವಕೀಲರಿಗೆ ತೋರಿಸಿ.

ಊರಲ್ಲಿ ಕಾರ್ಡ್ ಕಳೆದರೆ

ಬಸ್ಸಿನಲ್ಲಿ ಪರ್ಸ್ ಹೋಯಿತು, ಕಾರ್ಡೂ ಹೋಯಿತು. ಮೊದಲು ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಆಮೇಲೆ ಐ-131ಎ ಎಂಬ ಅರ್ಜಿಗೆ ಆನ್‌ಲೈನ್‌ನಲ್ಲಿ ಹಣ ಕಟ್ಟಿ, ಅಮೆರಿಕದ ಕಾನ್ಸುಲೇಟಿಗೆ ನೀವೇ ಹೋಗಬೇಕು. ಅವರು ವಿಮಾನ ಹತ್ತಲು ಬೇಕಾದ ಕಾಗದ ಕೊಡುತ್ತಾರೆ. ಹೊರಗೆ ಹೋಗಿ ಒಂದು ವರ್ಷ ಆಗಿರಬಾರದು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆದರೂ ಕರ್ನಾಟಕದವರು ಇಂಥ ಕೆಲಸಕ್ಕೆ ನೋಡುತ್ತಾ ಬಂದಿರುವುದು ಚೆನ್ನೈಯನ್ನೇ. ಬಸ್ ಹತ್ತುವ ಮುಂಚೆ ಅಪಾಯಿಂಟ್‌ಮೆಂಟ್ ಯಾವ ಊರಿನದ್ದು ಅಂತ ಖಚಿತ ಮಾಡಿಕೊಳ್ಳಿ. ಕಾರ್ಡ್ ಇದೆ, ಲೆಟರ್ ಅಮೆರಿಕದ ಮನೆಯಲ್ಲೇ ಉಳಿಯಿತು ಅಂದರೆ ಇಷ್ಟೆಲ್ಲ ಬೇಡ. ಮನೆಯವರಿಂದ ಕೊರಿಯರ್ ತರಿಸಿಕೊಂಡು, ಅದು ಕೈಗೆ ಬರುವ ತನಕ ಟಿಕೆಟನ್ನು ಮುಂದಕ್ಕೆ ಹಾಕಿಸಿ.