ಕಂಬಳಿ ನೂಲಿನ ಸ್ವೆಟರ್: ಕಡ್ಡಿಗೆ ಏರಿಸುವ ಮುನ್ನ ನೀರಿಗೆ ಹಾಕಿ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಸಾಕುವವರಲ್ಲಿ ಕೈಯಲ್ಲೇ ನೂತ ಉಣ್ಣೆ ನೂಲು ಸಿಕ್ಕರೆ ಬಿಡಬೇಡಿ. ತೋಳಿಲ್ಲದ ಸ್ವೆಟರ್‌ಗೆ ಅದಕ್ಕಿಂತ ಒಳ್ಳೆಯ ನೂಲಿಲ್ಲ. ಆದರೆ ತಂದ ನೂಲನ್ನು ತಂದ ಹಾಗೇ ಕಡ್ಡಿಗೆ ಏರಿಸಿ ಕೆಡಿಸಿಕೊಳ್ಳುವವರೇ ಹೆಚ್ಚು. ಎರಡು ಗೇಣು ಹೆಣೆಯುವಷ್ಟರಲ್ಲಿ ಬಟ್ಟೆ ಓರೆಯಾಗಿ, ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದು ಕೂರುತ್ತದೆ.

ಕಂಬಳಿ ನೇಯುವವರ ಬಳಿ ಹೊಕ್ಕಿನ (ಅಡ್ಡ ಎಳೆಯ) ನೂಲನ್ನೇ ಕೇಳಿ. ಹಾಸಿನ (ಉದ್ದ ಎಳೆಯ) ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಮಗ್ಗಕ್ಕೆ ಅದು ಬೇಕು, ಕಡ್ಡಿಗೆ ಬೇಡ. ಪೇಟೆಯಲ್ಲಿ ‘ಉಣ್ಣೆ’ ಎಂದು ಮಾರುವ ಬಣ್ಣಬಣ್ಣದ ಉಂಡೆಗಳನ್ನು ನಂಬಬೇಡಿ. ಒಂದೆಳೆಗೆ ಬೆಂಕಿ ತಾಗಿಸಿ ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮೆತ್ತಗಾಗಲೆಂದು ಎರಡನ್ನೂ ಬೆರೆಸುವುದಂತೂ ಬೇಡವೇ ಬೇಡ. ನಮ್ಮ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ; ಅಂಗಿಯ ಮೇಲೆ ಹಾಕಿಕೊಳ್ಳಿ, ಕೂಸುಗಳಿಗೆ ಹೆಣೆಯಬೇಡಿ.

ಇನ್ನು ಕೈಕೊಡುವ ಹಂತ. ಒಂಟಿ ಎಳೆಯಾಗಿ ನೂತ ನೂಲಿನಲ್ಲಿ ಹುರಿ, ಅಂದರೆ ತಿರುಚು, ಇನ್ನೂ ಬಿಗಿಯಾಗಿಯೇ ಇರುತ್ತದೆ. ಒಂದು ಮೊಳ ನೂಲನ್ನು ಮಡಚಿ ಜೋತುಬಿಡಿ, ತಾನಾಗಿ ಸುತ್ತಿಕೊಳ್ಳುತ್ತದೆ. ಬಟ್ಟೆಯನ್ನು ಓರೆಗೆ ಎಳೆಯುವುದು ಇದೇ ಹುರಿ. ಹಾಗಾಗಿ ಎರಡೆಳೆ ಜೋಡಿಸಿ, ನೂಲುವಾಗ ಕದಿರು ತಿರುಗಿದ ದಿಕ್ಕಿಗೆ ವಿರುದ್ಧವಾಗಿ ಹೊಸೆಯಿರಿ. ಮತ್ತೆ ಮಡಚಿ ಜೋತುಬಿಡಿ. ಸುಮ್ಮನೆ ನೇತಾಡಿದರೆ ಹದ ಬಂತು. ಮೊದಲು ಸುತ್ತಿಕೊಂಡ ಕಡೆಗೇ ಸುತ್ತಿಕೊಂಡರೆ ಹೊಸೆತ ಸಾಲದು. ಅದರ ವಿರುದ್ಧಕ್ಕೆ ತಿರುಗಿದರೆ ಹೆಚ್ಚಾಗಿದೆ, ಸ್ವಲ್ಪ ಬಿಚ್ಚಿ.

ನೂಲನ್ನು ಲಡಿ (ಉದ್ದನೆಯ ಸುರುಳಿ) ಮಾಡಿ ನಾಲ್ಕು ಕಡೆ ಹತ್ತಿ ದಾರ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ತಿಕ್ಕಬೇಡಿ, ಹಿಂಡಬೇಡಿ, ಬಿಸಿ ನೀರಿನಿಂದ ತಣ್ಣೀರಿಗೆ ಹಾಕಬೇಡಿ. ಎಳೆಗೆ ಎಳೆ ಹತ್ತಿಕೊಂಡರೆ ಬಿಡಿಸಲು ಬರುವುದಿಲ್ಲ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ತೂಗುಹಾಕಿ. ಬೇಗ ನೆಟ್ಟಗಾಗಲೆಂದು ಕೆಳಗೆ ಕಲ್ಲು ಕಟ್ಟುತ್ತಾರೆ. ಬೇಡ, ಹಾಗೆ ಎಳೆದ ನೂಲು ಮೊದಲ ಒಗೆತಕ್ಕೇ ಕುಗ್ಗಿ ಸ್ವೆಟರ್ ಮೇಲೇರುತ್ತದೆ.

ಪೂರ್ತಿ ಒಣಗಿದ ಮೇಲೆ 7ನೇ ನಂಬರ್ ಕಡ್ಡಿಯಲ್ಲಿ ಆರಿಂಚಿನ ತುಂಡು ಹೆಣೆದು, ಅದನ್ನೂ ಒಗೆದು ಒಣಗಿಸಿ, ಆಮೇಲೆ ಕುಣಿಕೆ ಎಣಿಸಿ. ಒಗೆಯದ ತುಂಡಿನ ಲೆಕ್ಕ ಲೆಕ್ಕವಲ್ಲ. ಇಂಚಿಗೆ 4 ಕುಣಿಕೆ ಬಂತೆನ್ನಿ. 36 ಇಂಚಿನ ಎದೆಗೆ 2 ಇಂಚು ಸಡಿಲ ಸೇರಿಸಿದರೆ 38; ಮುಂಭಾಗಕ್ಕೆ ಅರ್ಧ, 19 ಇಂಚು. ಅಂದರೆ 76 ಕುಣಿಕೆ, ಪಕ್ಕದ ಹೊಲಿಗೆಗೆ ಇನ್ನೆರಡು, ಒಟ್ಟು 78. ಕಡ್ಡಿ ಅಲ್ಯೂಮಿನಿಯಂದೇ ಇರಲಿ, ಅಗ್ಗದ ಪ್ಲಾಸ್ಟಿಕ್ ಕಡ್ಡಿ ಈ ನೂಲಿಗೆ ಬಾಗುತ್ತದೆ.

ಅಂಚು, ಕಂಕುಳು, ಕೊರಳು ಎಲ್ಲ ನಿಮಗೆ ಗೊತ್ತಿದ್ದಂತೆಯೇ. ಒಂದು ಮಾತ್ರ ಮರೆಯಬೇಡಿ: ಕೈನೂಲು ಒಂದು ಉಂಡೆಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಎರಡು ಉಂಡೆ ಇಟ್ಟುಕೊಂಡು ಎರಡೆರಡು ಸಾಲಿಗೆ ಬದಲಿಸಿದರೆ ಪಟ್ಟೆ ಕಾಣುವುದಿಲ್ಲ. ದಸರೆಗೆ ಶುರು ಮಾಡಿದರೆ ಜನವರಿಯ ಸುಮಾರಿಗೆ ಬರುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಚಳಿಗೆ ಮೈಮೇಲಿರುತ್ತದೆ.

ಒಗೆಯಲು ಸೋಪಿನ ಪುಡಿ ಬೇಡ, ಅಂಟುವಾಳದ ನೀರು ಸಾಕು. ಚಾಪೆಯ ಮೇಲೆ ಹರವಿ ಒಣಗಿಸಿ. ತಂತಿಗೆ ಹಾಕಿದರೆ ನೀರಿನ ಭಾರಕ್ಕೆ ಮೊಣಕಾಲಿನತ್ತ ಇಳಿಯುತ್ತದೆ.