ಸೇತುವೆ ಕೆಳಗೆ ಲೋಡು ಹೋಗುತ್ತದೆಯೇ? ಸೀಟಿನಿಂದ ಇಳಿದು, ಆಳಿನ ಲೆಕ್ಕದಲ್ಲಿ ನೋಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊರಡುವ ಗಾಡಿಗಳನ್ನು ನೋಡಿರುತ್ತೀರಿ. ಮಂಡಕ್ಕಿಗೆ ತೂಕವಿಲ್ಲ, ಹಾಗಾಗಿ ಚೀಲದ ಮೇಲೆ ಚೀಲ ಏರುತ್ತಲೇ ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಭತ್ತದ ಹುಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರ್‌ಗಳದ್ದೂ ಇದೇ ಕತೆ. ಇಂಥ ಗಾಡಿಗಳು ರೈಲ್ವೆ ಕೆಳಸೇತುವೆಯ ಬಾಯಲ್ಲಿ ಸಿಕ್ಕಿಕೊಂಡು, ಹಿಂದೆ ಶಾಲೆಯ ವ್ಯಾನು, ಆಟೊ, ಬೈಕುಗಳೆಲ್ಲ ಸಾಲುಗಟ್ಟಿ ನಿಂತದ್ದನ್ನು ವರ್ಷ ವರ್ಷವೂ ನೋಡುತ್ತಿದ್ದೇನೆ. ಡ್ರೈವರ್‌ ಹೇಳುವುದು ಪ್ರತಿ ಸಲ ಒಂದೇ ಮಾತು: "ಹೋಗ್ತತಿ ಅನ್ಕಂಡಿದ್ದೆ ಅಣ್ಣ." ಟೇಪಿಲ್ಲದೆಯೂ ಸೇತುವೆಯ ಎತ್ತರವನ್ನು ಅರ್ಧ ಅಡಿ ಆಚೀಚೆ ಹೇಳಬಹುದು. ಆದರೆ ಅದಕ್ಕೆ ಸೀಟಿನಿಂದ ಇಳಿಯಲೇಬೇಕು.

ಮೊದಲ ಹಂತ: ನಿಮ್ಮ ಲೋಡಿನ ಎತ್ತರ

ತಾಡಪತ್ರಿ ಹೊದಿಸಿ ಹಗ್ಗ ಬಿಗಿದ ಮೇಲೆ, ಎಲ್ಲಕ್ಕಿಂತ ಎತ್ತರದ ಚೀಲದಿಂದ ನೆಲದವರೆಗೆ ಟೇಪು ಇಳಿಬಿಟ್ಟು ಅಳೆಯಿರಿ. ಬಂದದ್ದನ್ನು ಅಡಿ-ಇಂಚಿನಲ್ಲಿ ಸ್ಟೇರಿಂಗ್ ಎದುರು ಬರೆದು ಅಂಟಿಸಿ.

ಎರಡನೇ ಹಂತ: ಬೋರ್ಡು

ಕೆಂಪು ವೃತ್ತದೊಳಗೆ ಮೇಲೊಂದು ಕೆಳಗೊಂದು ಬಾಣ, ನಡುವೆ ಮೀಟರ್ ಲೆಕ್ಕ. 3.6 ಮೀಟರ್ ಅಂದರೆ 11 ಅಡಿ 9 ಇಂಚು. 4 ಮೀಟರ್ ಅಂದರೆ 13 ಅಡಿ 1 ಇಂಚು. 4.5 ಮೀಟರ್ ಅಂದರೆ 14 ಅಡಿ 9 ಇಂಚು. ಆ ಅಂಕಿಯನ್ನು ಪೂರ್ತಿ ನಂಬಬೇಡಿ. ಬೋರ್ಡು ಹಾಕಿದ ಮೇಲೆ ರಸ್ತೆಗೆ ಎಷ್ಟು ಸಲ ಡಾಂಬರು ಬಿದ್ದಿದೆಯೋ ಅಷ್ಟು ಎತ್ತರ ಕಡಿಮೆಯಾಗಿರುತ್ತದೆ. ಒಂದು ಪದರಕ್ಕೆ ಒಂದೆರಡು ಇಂಚು ಹಿಡಿಯಿರಿ.

ಇನ್ನೊಂದು ಮಾತು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಿಸಿ ಬಂದವರ ಕಣ್ಣು ದೊಡ್ಡ ಅಂಡರ್‌ಪಾಸ್‌ಗಳಿಗೆ ಒಗ್ಗಿರುತ್ತದೆ. ಅವನ್ನು 5.5 ಮೀಟರ್ ಲೆಕ್ಕದಲ್ಲಿ ಕಟ್ಟುತ್ತಾರೆ. ಅದೇ ಹೆದ್ದಾರಿಯಡಿ ಜನ-ಜಾನುವಾರಿಗೆಂದು ಬಿಟ್ಟ ದಾರಿಗಳು ತೀರಾ ತಗ್ಗು. ರೈಲ್ವೆ ಗೇಟಿನದೂ ಹಾಗೇ. ವಿದ್ಯುತ್ ತಂತಿ ಇರುವ ಹಳಿಯ ಗೇಟಿನಲ್ಲಿ ಎತ್ತರದ ಮಿತಿ ತೋರಿಸಲು ಅಡ್ಡ ಕಟ್ಟಿರುವ ಹೈಟ್‌ಗೇಜ್ 4.67 ಮೀಟರ್‌ನದು. ಅದನ್ನು ದಾಟಿದ ಲೋಡು ಮುಂದಿನ ಊರಿನ ಕೆಳಸೇತುವೆಯಲ್ಲೂ ದಾಟೀತು ಎಂದು ಲೆಕ್ಕ ಹಾಕಿದರೆ ಕೆಟ್ಟಿರಿ.

ಮೂರನೇ ಹಂತ: ಆಳು ಎಣಿಸುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಗಾಡಿಯನ್ನು ದೂರದಲ್ಲೇ ಬದಿಗೆ ನಿಲ್ಲಿಸಿ. ಕ್ಲೀನರ್‌ನ ಎತ್ತರ ನಿಮಗೆ ಗೊತ್ತಿರಬೇಕು. ಐದೂವರೆ ಅಡಿ ಎಂದಿಟ್ಟುಕೊಳ್ಳಿ. ಅವನನ್ನು ಕಳಿಸಿ, ಸೇತುವೆಯ ಮುಂದಿನ ಅಂಚು ತಲೆಯ ನೇರಕ್ಕೆ ಬರುವ ಹಾಗೆ ಗೋಡೆಗೆ ಆನಿಸಿ ನಿಲ್ಲಿಸಿ. ನೀವು ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಿ. ಒಂದು ಕಡ್ಡಿಯನ್ನೋ ಪೆನ್ನನ್ನೋ ನೆಟ್ಟಗೆ ಹಿಡಿದು, ಕೈಯನ್ನು ಪೂರ್ತಿ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ. ಕಡ್ಡಿಯ ತುದಿ ಅವನ ನೆತ್ತಿಗೆ, ನಿಮ್ಮ ಹೆಬ್ಬೆರಳ ಉಗುರು ಅವನ ಪಾದಕ್ಕೆ ಕೂಡಬೇಕು. ಅದೇ ಒಂದು ಆಳು. ಈಗ ಉಗುರನ್ನು ಕದಲಿಸದೆ ಕೈಯನ್ನು ಮೇಲಕ್ಕೆ ಸರಿಸಿ, ಅವನ ನೆತ್ತಿಯಿದ್ದ ಜಾಗಕ್ಕೆ ಉಗುರು ತನ್ನಿ. ಸೇತುವೆಯ ತಳ ಮುಟ್ಟುವವರೆಗೆ ಎಣಿಸಿ. ಎರಡು ಆಳು ಬಂದರೆ 11 ಅಡಿ. ಎರಡೂಕಾಲು ಬಂದರೆ 12 ಅಡಿ 4 ಇಂಚು.

ಕ್ಲೀನರ್ ನಿಲ್ಲುವ ಜಾಗದ ಮೇಲೆ ಎಲ್ಲವೂ ನಿಂತಿದೆ. ಬಿಸಿಲು ತಪ್ಪಿಸಿಕೊಳ್ಳಲು ಅವನು ಎರಡು ಹೆಜ್ಜೆ ಒಳಗೆ ಹೋಗಿ ನಿಂತರೆ ನಿಮ್ಮ ಕಣ್ಣಿಗೆ ಚಿಕ್ಕವನಾಗುತ್ತಾನೆ, ಆಳಿನ ಎಣಿಕೆ ಹೆಚ್ಚುತ್ತದೆ, ಇಲ್ಲದ ಎತ್ತರ ಸೇತುವೆಗೆ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ದಾರಿಯಲ್ಲಿ ನನಗೆ ಆದದ್ದು ಇದೇ. ಲೋಡು ಹನ್ನೊಂದೂವರೆ ಅಡಿ. ನನ್ನ ಎಣಿಕೆಗೆ ಎರಡೂಕಾಲು ಆಳು ಬಂತು, ಧೈರ್ಯವಾಗಿ ನುಗ್ಗಿಸಿದೆ. ಮೇಲಿನ ಸಾಲಿನ ಚೀಲಗಳ ಹೊಟ್ಟೆ ಹರಿದು, ರಸ್ತೆಯುದ್ದಕ್ಕೂ ಮಂಡಕ್ಕಿ ಸುರಿಯಿತು. ಆಮೇಲೆ ಟೇಪು ಹಿಡಿದರೆ ಹನ್ನೊಂದೂಕಾಲು ಅಡಿ ಇತ್ತು. ಹುಡುಗನ ತಪ್ಪೇನಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ನಾನು ಹೇಳಿರಲಿಲ್ಲ.

ಗೋಡೆಯ ಬುಡದಲ್ಲಿ ಬಂದ ಅಳತೆಯಲ್ಲಿ ಮೂರು ಇಂಚು ಕಳೆಯಿರಿ. ನೀರು ಹರಿಯಲೆಂದು ರಸ್ತೆಯ ನಡುವನ್ನು ಉಬ್ಬಿಸಿರುತ್ತಾರೆ, ನಿಮ್ಮ ಗಾಡಿ ಹೋಗುವುದು ಆ ಉಬ್ಬಿನ ಮೇಲೆ. ಹಳೆಯ ಕಲ್ಲಿನ ಕಮಾನು ಸೇತುವೆಯಾದರೆ ಲೆಕ್ಕ ತಿರುಗುಮುರುಗು: ನಡುವೆ ಎತ್ತರ, ಎರಡೂ ಬದಿಗೆ ತಗ್ಗು. ಅಲ್ಲಿ ಲೋಡಿನ ಮೇಲಿನ ಮೂಲೆ ಎಲ್ಲಿ ಹಾದುಹೋಗುತ್ತದೋ ಆ ಜಾಗದ ಎತ್ತರ ಬೇಕು.

ಅಷ್ಟಾದ ಮೇಲೆ ಸೇತುವೆಯ ಕೆಳಗೇ ಹೋಗಿ ಕತ್ತೆತ್ತಿ ನೋಡಿ. ಕಾಂಕ್ರೀಟಿನ ಅಂಚಿನಲ್ಲಿ ಬಿಳಿಯ ಹೊಸ ಗೀರುಗಳಿವೆಯೇ? ಹುಲ್ಲಿನ ಎಳೆ, ಪ್ಲಾಸ್ಟಿಕ್ ಚೀಲದ ದಾರ, ನೀಲಿ ತಾಡಪತ್ರಿಯ ಚೂರು ಸಿಕ್ಕಿ ನೇತಾಡುತ್ತಿದೆಯೇ? ನಿಮ್ಮಂಥದೇ ಲೋಡು ಅಲ್ಲಿ ಉಜ್ಜಿಕೊಂಡು ಹೋಗಿದೆ ಎಂದರ್ಥ. ಕಬ್ಬಿಣದ ತೊಲೆ, ಅಡ್ಡ ಹಾದ ಪೈಪು ಕೆಳಗಿಳಿದಿದ್ದರೆ ಅದರ ತಳವೇ ನಿಮ್ಮ ಲೆಕ್ಕದ ತಳ.

ಮೊಬೈಲಿನ ಎತ್ತರ ಅಳೆಯುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ಒಂದೇ ಸೇತುವೆಗೆ ಮೂರು ಸಲ ಹಿಡಿದರೆ ಮೂರು ಉತ್ತರ ಕೊಟ್ಟಿದ್ದನ್ನು ನೋಡಿದ್ದೇನೆ. ಅಗ್ಗದ ಲೇಸರ್ ಟೇಪಿನ ಕೆಂಪು ಚುಕ್ಕೆ ನಮ್ಮ ಬಿಸಿಲಲ್ಲಿ ಕಾಣುವುದೇ ಇಲ್ಲ. ಕಣ್ಣಳತೆಯ ಮೇಲೆ ಇನ್ನೊಂದು ಸಾಕ್ಷಿ ಬೇಕೆಂದರೆ ಒಂದು ಬಿದಿರು ಗಳ ಇಟ್ಟುಕೊಳ್ಳಿ. ಲೋಡಿಗಿಂತ ಅರ್ಧ ಅಡಿ ಉದ್ದ ಇರಲಿ. ಗಳ ನೆಟ್ಟಗೆ ನಿಂತು ಹಾದರೆ ಗಾಡಿಯೂ ಹಾಯುತ್ತದೆ.

ನಾಲ್ಕನೇ ಹಂತ: ತಗ್ಗಿನ ಲೆಕ್ಕ

ರೈಲ್ವೆ ಕೆಳಸೇತುವೆಗಳ ರಸ್ತೆ ಸಾಮಾನ್ಯವಾಗಿ ಗುಂಡಿಗೆ ಇಳಿದು ಮತ್ತೆ ಏರುತ್ತದೆ. ಬಾಣಲೆಯೊಳಗೆ ಒಂದು ಅಡಿಕೋಲು ಅಡ್ಡ ಇಟ್ಟು ನೋಡಿ: ಎರಡು ತುದಿ ತಾಗುತ್ತವೆ, ನಡುಭಾಗ ತಳದಿಂದ ಮೇಲೆ ನಿಲ್ಲುತ್ತದೆ. ಉದ್ದನೆಯ ಗಾಡಿಯದೂ ಹಾಗೆಯೇ. ಮುಂದಿನ ಚಕ್ರ ಏರಿನಲ್ಲಿ, ಹಿಂದಿನ ಚಕ್ರ ಇನ್ನೂ ಇಳಿಜಾರಿನಲ್ಲಿ ಇರುವಾಗ ನಡುವಿನ ಲೋಡು ಎರಡು ಮೂರು ಇಂಚು ಮೇಲೇಳುತ್ತದೆ. ಕ್ಯಾಬಿನ್ ಸಲೀಸಾಗಿ ದಾಟಿ ನಡುವಿನ ಚೀಲ ತಾಗುವುದು ಇದಕ್ಕೇ. ಗಾಡಿ ಉದ್ದವಿದ್ದಷ್ಟೂ ಇದು ಹೆಚ್ಚು. ಆದ್ದರಿಂದ ಎಲ್ಲ ಕಳೆದ ಮೇಲೂ ಅರ್ಧ ಅಡಿ ಉಳಿದರೆ ಮಾತ್ರ ಮುಂದೆ ಹೋಗಿ. ನಾಲ್ಕು ಇಂಚು ಉಳಿದರೆ ನಾನು ಹೋಗುವುದಿಲ್ಲ, ಸುತ್ತು ದಾರಿಯೇ ಹಿಡಿಯುತ್ತೇನೆ.

ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರು ನಿಂತಿದ್ದರೆ ಎಣಿಕೆಯ ಮಾತೇ ಬೇಡ, ಇಳಿಯಬೇಡಿ. ರಾತ್ರಿಯೂ ಅಷ್ಟೇ, ಗೊತ್ತಿಲ್ಲದ ಸೇತುವೆಗೆ ಬೆಳಗಾಗುವವರೆಗೆ ಕಾಯಿರಿ.

ಲೋಡು ಇಳಿಸಿ ಬರುವಾಗಲೂ ಎಚ್ಚರ. ಭಾರ ಇಳಿದ ಮೇಲೆ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗಳ ಒತ್ತಡ ಬಿಟ್ಟು ಬಾಡಿ ಮೇಲೇಳುತ್ತದೆ. ಕಂಟೇನರ್ ಬಾಡಿಯವರು ಹೋಗುವಾಗ ದಾಟಿದ ಸೇತುವೆಗೆ ಬರುವಾಗ ತಾಗಿಸಿಕೊಳ್ಳುವುದು ಹೀಗೆ.

ಕೊನೆಯ ಹಂತ: ದಾಟುವುದು

ಕ್ಲೀನರ್ ಕೆಳಗಿಳಿದು ಮುಂದೆ ಬದಿಯಲ್ಲಿ ನಿಂತು ಲೋಡಿನ ಮೇಲ್ಭಾಗವನ್ನೇ ನೋಡುತ್ತಿರಲಿ. ನೀವು ಮೊದಲ ಗೇರಿನಲ್ಲಿ ಕುಲುಕದಂತೆ ಸಾಗಿಸಿ.

ತಾಗಿತೆಂದರೆ ಆಕ್ಸಿಲರೇಟರ್ ಒತ್ತಬೇಡಿ. ಚಕ್ರದ ಗಾಳಿ ಬಿಟ್ಟು ಮುಂದೆ ನುಗ್ಗಿಸುವ ಉಪಾಯ ಬಹಳ ಜನ ಹೇಳುತ್ತಾರೆ. ಅದರಿಂದ ಸಿಗುವುದು ಒಂದೆರಡು ಇಂಚು; ಭಾರದ ಗಾಡಿಯ ಟೈರು ಹಾಳಾಗುತ್ತದೆ, ಮುಂದೆ ಇನ್ನೂ ತಗ್ಗಿದ್ದರೆ ಪೂರ್ತಿ ಸಿಕ್ಕಿಕೊಳ್ಳುತ್ತೀರಿ. ಗಾಳಿ ಬಿಡುವುದಾದರೆ ಹಿಂದೆ ಬರಲು ಬಿಡಿ. ಬಂದ ಜಾಡಿನಲ್ಲೇ ಗಾಡಿಯನ್ನು ಹಿಂದಕ್ಕೆ ತನ್ನಿ. ರೈಲ್ವೆ ಸೇತುವೆಯ ತೊಲೆಗೆ ಜೋರಾಗಿ ಗುದ್ದಿದ್ದರೆ ಮೇಲಿನ ಹಳಿ ಅಲುಗಿರಬಹುದು, ಅದರ ಮೇಲೆ ರೈಲು ಬರುತ್ತದೆ. ಚೀಲ ಆರಿಸುವ ಮೊದಲು ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಹತ್ತಿರದ ಸ್ಟೇಷನ್ನಿಗೆ ಒಬ್ಬರನ್ನು ಓಡಿಸಿ.